ಸಂಜೆಯಿಂದ ಶುರು ಮಾಡಿ: ಬೆಂಗಳೂರಿನ ಮನೆಗೆ ಅಡುಗೆ, ಪ್ರಾರ್ಥನೆ, ನಲಿವಿನ ದಿನಚರಿ

ಮನೆಯಲ್ಲೇ ಮಾಡಿದ್ದನ್ನು ಉಣ್ಣಬೇಕು, ದಿನಕ್ಕೊಮ್ಮೆಯಾದರೂ ದೇವರ ಮುಂದೆ ಕೂರಬೇಕು, ಮನೆಯಲ್ಲಿ ನಗು ಇರಬೇಕು. ಇದು ಬೇಡ ಅನ್ನುವವರು ಯಾರಿದ್ದಾರೆ? ಆದರೆ ಈ ದಾರಿಗೆ ಬರುವ ಹೆಚ್ಚಿನವರು ಮೊದಲು ಮಾಡುವ ಕೆಲಸ ಬೆಳಗಿನ ಜಾವ ಐದಕ್ಕೆ ಅಲಾರಂ ಇಡುವುದು. ವೈಟ್‌ಫೀಲ್ಡಿನಿಂದಲೋ ಎಲೆಕ್ಟ್ರಾನಿಕ್ ಸಿಟಿಯಿಂದಲೋ ರಾತ್ರಿ ಎಂಟಕ್ಕೆ ಮನೆ ಮುಟ್ಟಿ, ಹನ್ನೊಂದೂವರೆಗೆ ದಿಂಬಿಗೆ ತಲೆ ಕೊಡುವವರಿಗೆ ಆ ಐದು ಗಂಟೆ ಒಂದು ವಾರ ನಡೆದರೆ ಹೆಚ್ಚು. ಆಮೇಲೆ ಅಲಾರಂ ನಿಲ್ಲುತ್ತದೆ, ಜೊತೆಗೆ ಉಳಿದದ್ದೂ ನಿಲ್ಲುತ್ತದೆ.

ಬೆಳಗನ್ನು ಸದ್ಯಕ್ಕೆ ಹಾಗೇ ಬಿಡಿ. ಸಂಜೆಯನ್ನು ಹಿಡಿಯಿರಿ. ಸಂಜೆ ಒಂದು ಗಂಟೆ ನೆಟ್ಟಗಾದರೆ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ, ಬೆಳಗಿನ ತಿಂಡಿಗೆ ಹಿಟ್ಟು ಸಿದ್ಧವಿರುತ್ತದೆ, ಬೇಗ ಏಳುವುದು ತಾನಾಗಿ ಕೂಡಿಬರುತ್ತದೆ. ಈ ಲೇಖನದ ಎಲ್ಲ ಹೆಜ್ಜೆಗಳೂ ಆ ಒಂದು ಗಂಟೆಯ ಸುತ್ತಲೇ ಇವೆ. ಎಲ್ಲವನ್ನೂ ಒಂದೇ ದಿನ ಹಚ್ಚಿಕೊಳ್ಳಬೇಡಿ. ವಾರಕ್ಕೊಂದು ಹೆಜ್ಜೆ ಸಾಕು.

ಮೊದಲು ಹೊತ್ತು ಗೊತ್ತು ಮಾಡಿ

ಮನೆಯವರೆಲ್ಲರೂ ಒಳಗಿರುವ ಒಂದು ಗಂಟೆ ಯಾವುದು ಅಂತ ಕೂತು ಮಾತಾಡಿ. ಏಳೂವರೆಯಿಂದ ಎಂಟೂವರೆಯೋ, ಎಂಟೂಕಾಲಿನಿಂದ ಒಂಬತ್ತೂಕಾಲೋ, ಯಾವುದಾದರೂ ಸರಿ. ಗೊತ್ತಾದ ಮೇಲೆ ಅದನ್ನು ಬದಲಿಸಬೇಡಿ. ಆ ಗಂಟೆಯಲ್ಲಿ ಮೊದಲ ಹತ್ತು ನಿಮಿಷ ದೀಪ, ಪ್ರಾರ್ಥನೆ. ಮುಂದಿನ ಅರ್ಧ ಗಂಟೆ ಅಡುಗೆ. ಆಮೇಲೆ ಊಟ. ಕಟ್ಟೆ ಒರೆಸುವ ಮುನ್ನ ಐದು ನಿಮಿಷ ನಾಳೆಗಾಗಿ: ಕಾಳು ನೆನೆಹಾಕುವುದು, ತರಕಾರಿ ಹೆಚ್ಚಿ ಡಬ್ಬಿಗೆ ಹಾಕುವುದು.

ದೀಪ ಮುಸ್ಸಂಜೆಗೇ ಹಚ್ಚಬೇಕು ಅನ್ನುವುದು ನಮ್ಮ ರೂಢಿ. ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ವರ್ಷಪೂರ್ತಿ ಸುಮಾರು 5:50ರಿಂದ 6:50ರ ಒಳಗೆ. ನವೆಂಬರಿನಲ್ಲಿ ಬೇಗ, ಜುಲೈನಲ್ಲಿ ತಡ. ಆ ಹೊತ್ತಿಗೆ ಅರ್ಧ ಊರು ರಸ್ತೆಯಲ್ಲಿರುತ್ತದೆ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಮೊಮ್ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರು ಹಚ್ಚಲಿ. ಯಾರೂ ಇಲ್ಲದಿದ್ದರೆ ನೀವೇ ಬಂದು ಕೈಕಾಲು ತೊಳೆದು ಹಚ್ಚಿ. ಹೊತ್ತು ಮೀರಿತು ಅಂತ ಬಿಟ್ಟುಬಿಡುವುದಕ್ಕಿಂತ ಎಂಟು ಗಂಟೆಗೆ ಹಚ್ಚಿದ ದೀಪವೇ ಮೇಲು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಕೆಲಸ ಹಂಚಿ, ಆಮೇಲೆ ಒಲೆ ಹಚ್ಚಿ

ಈ ಹೆಜ್ಜೆಯನ್ನು ದಾಟಿಕೊಂಡು ಮುಂದೆ ಹೋಗಬೇಡಿ. ಮನೆಯೂಟ ಅಂದರೆ ಮನೆಯ ಒಬ್ಬ ಹೆಂಗಸು ಎರಡು ಹೊತ್ತೂ ಒಲೆ ಮುಂದೆ ನಿಲ್ಲುವುದು ಅಂತಾದರೆ ಉಳಿದವರ ಹೊಟ್ಟೆ ತುಂಬುತ್ತದೆ, ಅವಳ ಮೈ ಮನಸ್ಸು ಎರಡೂ ಸೊರಗುತ್ತವೆ. ಅಂಥ ಮನೆಯಲ್ಲಿ ದಿನಾ ಹೋಟೆಲಿನಿಂದ ತರಿಸಿ ತಿಂದರೂ ತಪ್ಪಿಲ್ಲ ಅನ್ನುತ್ತೇನೆ.

ಅಡುಗೆಗಿಂತ ಹೆಚ್ಚು ದಣಿಸುವುದು ಇವತ್ತು ಏನು ಮಾಡಲಿ ಅನ್ನುವ ಯೋಚನೆ. ಅದನ್ನು ಒಬ್ಬರ ತಲೆಯಿಂದ ಇಳಿಸಿ ಗೋಡೆಯ ಮೇಲೆ ಬರೆದು ಅಂಟಿಸಿ. ಸೋಮವಾರ ತಿಳಿಸಾರು, ಪಲ್ಯ. ಮಂಗಳವಾರ ಮುದ್ದೆ, ಸೊಪ್ಪಿನ ಸಾರು. ಬುಧವಾರ ಚಪಾತಿ, ಸಾಗು. ಗುರುವಾರ ತರಕಾರಿ ಹುಳಿ. ಶುಕ್ರವಾರ ಬಸ್ಸಾರು, ಒಂದು ಸಣ್ಣ ಸಿಹಿ. ಶನಿವಾರ ಒಪ್ಪೊತ್ತು ಮಾಡುವವರಿಗೆ ಉಪ್ಪಿಟ್ಟೋ ಅವಲಕ್ಕಿಯೋ. ಇಷ್ಟು ಗೊತ್ತಿದ್ದರೆ ಮನೆಗೆ ಮೊದಲು ಬಂದವರು ಯಾರೇ ಆಗಲಿ, ಕೇಳದೆ ಶುರು ಮಾಡಬಹುದು.

ವಾರದಲ್ಲಿ ಎರಡು ರಾತ್ರಿಯ ಹೊಣೆ ಪೂರ್ತಿಯಾಗಿ ಮನೆಯ ಗಂಡಸರದು. ತರಕಾರಿ ಇದೆಯೋ ಇಲ್ಲವೋ ನೋಡುವುದರಿಂದ ಸಿಂಕು ತೊಳೆಯುವವರೆಗೆ. ಎಂಟು ವರ್ಷದ ಮಗು ಬೆಳ್ಳುಳ್ಳಿ ಸುಲಿಯಬಲ್ಲದು, ಹುರುಳಿಕಾಯಿಯ ನಾರು ತೆಗೆಯಬಲ್ಲದು, ತಟ್ಟೆ ಲೋಟ ಇಡಬಲ್ಲದು. ತಾನು ಬಿಡಿಸಿದ ಸೊಪ್ಪನ್ನು ಬೇಡ ಅಂತ ತಳ್ಳುವ ಮಕ್ಕಳು ಕಡಿಮೆ.

ಭಾನುವಾರದ ಎರಡು ಗಂಟೆ

ವಾರದ ಅಡುಗೆ ಅರ್ಧ ಗಂಟೆಯಲ್ಲಿ ಮುಗಿಯಬೇಕಾದರೆ ಭಾನುವಾರ ಎರಡು ಕೆಲಸ ಆಗಿರಬೇಕು. ಒಂದು, ತಿಂಗಳಿಗೊಮ್ಮೆ ಸಾರಿನ ಪುಡಿ. ಇನ್ನೊಂದು, ವಾರಕ್ಕೊಮ್ಮೆ ದೋಸೆ ಅಥವಾ ಇಡ್ಲಿ ಹಿಟ್ಟು.

ಸಾರಿನ ಪುಡಿಗೆ ಧನಿಯ 200 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 150 ಗ್ರಾಂ, ಗುಂಟೂರು ಮೆಣಸಿನಕಾಯಿ 50 ಗ್ರಾಂ, ಜೀರಿಗೆ 50 ಗ್ರಾಂ, ಕಾಳುಮೆಣಸು 30 ಗ್ರಾಂ, ಮೆಂತ್ಯ ಮತ್ತು ಸಾಸಿವೆ ತಲಾ 20 ಗ್ರಾಂ, ಎರಡು ಹಿಡಿ ಕರಿಬೇವು, ಒಂದು ಸಣ್ಣ ತುಂಡು ಇಂಗು. ಬಣ್ಣ ಬ್ಯಾಡಗಿಯದು, ಖಾರ ಗುಂಟೂರಿನದು; ಮಕ್ಕಳಿರುವ ಮನೆಯಲ್ಲಿ ಗುಂಟೂರನ್ನು ಅರ್ಧಕ್ಕಿಳಿಸಿ. ಒಂದೊಂದನ್ನೂ ಬೇರೆ ಬೇರೆಯಾಗಿ, ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಧನಿಯ ಘಂ ಅಂದಾಗ ಇಳಿಸಿ. ಜೀರಿಗೆಗೆ ಬಾಣಲೆಯ ಬಿಸಿಯೇ ಸಾಕು. ಮೆಂತ್ಯದ ಹತ್ತಿರ ಮಾತ್ರ ಬೇರೆ ಕಡೆ ನೋಡಬೇಡಿ: ಕೆಂಪಗಾಗಿ ವಾಸನೆ ಬಿಟ್ಟ ಗಳಿಗೆಯಲ್ಲೇ ತಟ್ಟೆಗೆ ಸುರಿಯಿರಿ, ಇನ್ನರ್ಧ ನಿಮಿಷ ತಡವಾದರೆ ಪುಡಿಯೆಲ್ಲ ಕಹಿ. ಮೆಣಸಿನಕಾಯಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಹುರಿದರೆ ಘಾಟು ಕಡಿಮೆ, ಬಣ್ಣವೂ ಚೆನ್ನ. ಕರಿಬೇವು ಕೈಯಲ್ಲಿ ಮುರಿದರೆ ಪುಡಿಯಾಗಬೇಕು. ಎಲ್ಲವನ್ನೂ ಅಗಲವಾದ ಕಾಗದದ ಮೇಲೆ ಹರವಿ, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಲ್ಲೇ ಮಿಕ್ಸಿಗೆ ಹಾಕಿದರೆ ಗಂಟುಕಟ್ಟುತ್ತದೆ, ಬೇಗ ಕೆಡುತ್ತದೆ. ಗಾಜಿನ ಭರಣಿಗೆ ತುಂಬಿ, ಒಣ ಚಮಚವನ್ನು ಅದರೊಳಗೇ ಇಟ್ಟುಬಿಡಿ.

ಇಡ್ಲಿಗೆ ಒಂದು ಲೋಟ ಉದ್ದಿನಬೇಳೆಗೆ ಎರಡು ಲೋಟ ಇಡ್ಲಿ ರವೆ. ಉದ್ದು ನಾಲ್ಕು ಗಂಟೆ ನೆನೆಯಲಿ, ತಣ್ಣೀರು ಚಿಮುಕಿಸುತ್ತಾ ನುಣ್ಣಗೆ, ಉಬ್ಬುವಂತೆ ರುಬ್ಬಿ, ರವೆ ಬೆರೆಸಿಡಿ. ಮಾರ್ಚ್ ಏಪ್ರಿಲ್ ಸೆಕೆಯಲ್ಲಿ ಎಂಟು ಗಂಟೆಗೇ ಹುಳಿ ಬರುತ್ತದೆ. ಡಿಸೆಂಬರ್ ಜನವರಿಯ ಚಳಿಯಲ್ಲಿ ಹದಿನಾಲ್ಕು ಗಂಟೆ ಕಳೆದರೂ ಹಿಟ್ಟು ಇದ್ದಂತೆಯೇ ಇರಬಹುದು. ಆಗ ಪಾತ್ರೆಯನ್ನು ಒಳಗಿನ ಬಲ್ಬು ಮಾತ್ರ ಹಾಕಿಟ್ಟ ಓವನ್ನಿನೊಳಗೋ ಬೆಚ್ಚನೆಯ ಹೊದಿಕೆ ಸುತ್ತಿಯೋ ಇಡಿ, ಉಪ್ಪನ್ನು ಹುಳಿ ಬಂದ ಮೇಲೆ ಬೆರೆಸಿ. ಸೋಡಾ ಹಾಕಿ ಅವಸರ ಮಾಡಬೇಡಿ.

ಬೇಳೆಯ ಬಗ್ಗೆ ಒಂದು ಮಾತು. ಕರಾವಳಿಯಿಂದ ಈ ಊರಿಗೆ ಬಂದವರು ಇಲ್ಲಿ ಬೇಳೆ ಬೇಗ ಬೇಯುವುದಿಲ್ಲ ಅನ್ನುತ್ತಾರೆ, ಅದು ನಿಜ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸಾಲದ್ದಕ್ಕೆ ಬೋರ್‌ವೆಲ್ಲಿನ ಗಡಸು ನೀರು. ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ, ಕುಡಿಯುವ ನೀರಿನಲ್ಲೇ, ಚಿಟಿಕೆ ಅರಿಸಿನ ಮತ್ತು ಅರ್ಧ ಚಮಚ ಎಣ್ಣೆ ಹಾಕಿ ಕುಕ್ಕರಿನಲ್ಲಿ ಬೇಯಿಸಿ. ಹುಣಸೆಹುಳಿ, ಟೊಮೆಟೊ ಮೊದಲೇ ಸೇರಿದರೆ ಬೇಳೆ ಬಿರುಸಾಗಿಯೇ ಉಳಿಯುತ್ತದೆ, ಆದ್ದರಿಂದ ಬೆಂದ ಮೇಲೆ ಸೇರಿಸಿ.

ಸೊಪ್ಪು, ಮುದ್ದೆ

ಮನೆ ಅಡುಗೆಗೆ ಹೊಸಬರು ಒಂದೇ ಒಂದು ಊಟ ಕಲಿಯುವುದಾದರೆ ಮುದ್ದೆ, ಸೊಪ್ಪಿನ ಸಾರು ಕಲಿಯಲಿ. ಈ ಸೀಮೆಯ ಊಟ ಅದು. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಇರುವುದು ಅದರ ಒಂದು ಸಣ್ಣ ಪಾಲು ಮಾತ್ರ. ನಾರಿನಂಶವೂ ಹೆಚ್ಚು, ಹೊಟ್ಟೆ ತುಂಬಿದ ಭಾವ ಬಹಳ ಹೊತ್ತು ಇರುತ್ತದೆ. ಸಕ್ಕರೆ ಕಾಯಿಲೆ ಇರುವವರು ಮಾತ್ರ ರಾಗಿ ಅಂತ ದೊಡ್ಡ ಮುದ್ದೆ ಉಣ್ಣುವುದು ಬೇಡ, ಅದೂ ಪಿಷ್ಟವೇ. ಸಣ್ಣ ಮುದ್ದೆ, ಹೆಚ್ಚು ಸೊಪ್ಪು. ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಸೊಪ್ಪು ಕೊಳ್ಳುವಾಗ ಮಾತಾಡಿ ಕೊಳ್ಳಿ. ಗಾಂಧಿಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೋ ಕೂತ ಸೊಪ್ಪಿನ ಅಕ್ಕನನ್ನು “ಎಲ್ಲಿಂದ ತರ್ತೀರಕ್ಕಾ, ಯಾವ ನೀರಲ್ಲಿ ಬೆಳೆದಿದ್ದು?” ಅಂತ ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಕೊಳಚೆ ನೀರಲ್ಲಿ ಬೆಳೆದ ಸೊಪ್ಪಿಗೆ ಸೇರಿದ ವಿಷ ಎಷ್ಟು ತೊಳೆದರೂ ಹೋಗುವುದಿಲ್ಲ, ಅದಕ್ಕೇ ಕೇಳಬೇಕು. ಪಾಲಕ್ ಒಂದಕ್ಕೇ ನಿಲ್ಲಬೇಡಿ. ದಂಟು, ಸಬ್ಬಸಿಗೆ, ಮೆಂತ್ಯ, ಚಕ್ಕೋತ, ಹೊನಗೊನ್ನೆ, ನುಗ್ಗೆಸೊಪ್ಪು ಸರದಿಯಲ್ಲಿ ಬರಲಿ. ಬೆರಕೆ ಸೊಪ್ಪು ಸಿಕ್ಕರೆ ಬಿಡಬೇಡಿ, ಸಾರಿಗೆ ಅದರಷ್ಟು ರುಚಿ ಯಾವ ಒಂದು ಸೊಪ್ಪಿಗೂ ಇಲ್ಲ. ತೊಳೆಯುವಾಗ ಅಗಲ ಪಾತ್ರೆಯಲ್ಲಿ ನೀರು ತುಂಬಿ ಸೊಪ್ಪು ಮುಳುಗಿಸಿ, ಅಲುಗಾಡಿಸಿ, ಸೊಪ್ಪನ್ನು ಮೇಲೆತ್ತಿಕೊಳ್ಳಿ. ಪಾತ್ರೆಯನ್ನು ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿಗೇ ಬರುತ್ತದೆ. ಮೂರು ನೀರು ಬೇಕೇ ಬೇಕು.

ನಾಲ್ವರಿಗೆ ಅರ್ಧ ಲೋಟ ತೊಗರಿಬೇಳೆಯನ್ನು ಕುಕ್ಕರಿನಲ್ಲಿ ಬೇಯಿಸಿಕೊಳ್ಳಿ. ಅದಕ್ಕೆ ಎರಡು ಕಟ್ಟು ಸೊಪ್ಪು, ಒಂದು ಈರುಳ್ಳಿ, ಎರಡು ಟೊಮೆಟೊ, ನಾಲ್ಕು ಹಸಿಮೆಣಸಿನಕಾಯಿ, ಆರೆಂಟು ಎಸಳು ಬೆಳ್ಳುಳ್ಳಿ ಸೇರಿಸಿ ಮತ್ತೆ ಹತ್ತು ನಿಮಿಷ ಬೇಯಲಿ. ಮೇಲಿನ ತಿಳಿ ಬಸಿದಿಟ್ಟುಕೊಂಡು ಉಳಿದದ್ದನ್ನು ಕಡೆಗೋಲಿನಲ್ಲಿ ಮಸೆಯಿರಿ. ಮಿಕ್ಸಿ ಬೇಡ, ಅಂಟಂಟಾಗುತ್ತದೆ. ತಿಳಿ ಮತ್ತೆ ಬೆರೆಸಿ, ಉಪ್ಪು ಹಾಕಿ ಒಂದು ಕುದಿ. ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ನಿಂಬೆಯ ಸಿ ಜೀವಸತ್ವ ನೆರವಾಗುತ್ತದೆ. ಇದೇ ಕಾರಣಕ್ಕೆ ಉಂಡ ಕೂಡಲೇ ಕಾಫಿ ಕುಡಿಯಬೇಡಿ, ಕಾಫಿ ಟೀ ಎರಡೂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಒಂದು ಗಂಟೆ ಕಳೆಯಲಿ.

ಸಾರು ಕುದಿಯುವಾಗಲೇ ಪಕ್ಕದ ಒಲೆಯಲ್ಲಿ ಮುದ್ದೆಗೆ ಎಸರು. ಎರಡು ಲೋಟ ರಾಗಿಹಿಟ್ಟಿಗೆ ನಾಲ್ಕು ಲೋಟ ನೀರು, ಚಿಟಿಕೆ ಉಪ್ಪು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಮೊದಲೇ ಎಸರಿಗೆ ಬಿಡಿ. ನೀರು ಉಕ್ಕಿ ಬಂದಾಗ ಉರಿ ತಗ್ಗಿಸಿ, ಹಿಟ್ಟನ್ನೆಲ್ಲ ನಡುವಿಗೆ ಗುಡ್ಡೆಯಾಗಿ ಸುರಿಯಿರಿ. ಕಲಕಬಾರದು. ಕೋಲಿನಿಂದ ಗುಡ್ಡೆಯ ನಡುವೆ ಎರಡು ಮೂರು ಕಡೆ ತೂತು ಮಾಡಿದರೆ ಕುದಿನೀರು ಅಲ್ಲಿಂದ ಮೇಲೆ ಬುಳುಬುಳು ಬರುತ್ತದೆ. ಐದು ನಿಮಿಷ ಹಾಗೇ ಬೇಯಲಿ. ಆಮೇಲೆ ಪಾತ್ರೆಯನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದು, ಕೋಲನ್ನು ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವಿ. ಗಂಟು ಉಳಿಯಬಾರದು. ಮುಚ್ಚಿ ಎರಡು ನಿಮಿಷ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟದಿದ್ದರೆ ಬೆಂದಿದೆ. ಒದ್ದೆ ಮಾಡಿದ ಮಣೆಯ ಮೇಲೆ ಹಾಕಿ, ಕೈಯನ್ನು ತಣ್ಣೀರಿಗೆ ಅದ್ದಿ ಅದ್ದಿ, ಬಿಸಿಯಿದ್ದಾಗಲೇ ಉಂಡೆ ಕಟ್ಟಿ. ತಟ್ಟೆಗೆ ಬಂದ ಮುದ್ದೆ ನುಣ್ಣಗೆ ಹೊಳೆಯುತ್ತಿರಬೇಕು.

ಉಪ್ಪಿನ ವಿಷಯ: ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದೂ ಆ ಲೆಕ್ಕಕ್ಕೇ ಸೇರುತ್ತದೆ.

ದೀಪ ಮತ್ತು ಹತ್ತು ನಿಮಿಷ

ದೇವರಮನೆ ದೊಡ್ಡದಿರಬೇಕಿಲ್ಲ. ಬಾಡಿಗೆಯ ಒಂದು ಬೆಡ್‌ರೂಮಿನ ಮನೆಯಲ್ಲಿ ಅಡುಗೆಮನೆಯ ಒಂದು ಗೂಡು ಸಾಕು. ಆದರೆ ಜಾಗ ಒಂದೇ ಇರಲಿ, ಅಲ್ಲಿ ಕೀಲಿಕೈ, ಔಷಧಿ ಚೀಟಿ, ಕರೆಂಟು ಬಿಲ್ಲು ಬೀಳದಿರಲಿ. ಎಳ್ಳೆಣ್ಣೆಯೋ ತುಪ್ಪವೋ, ಒಂದು ಹೂಬತ್ತಿ. ಹಿತ್ತಾಳೆ ದೀಪವನ್ನು ವಾರಕ್ಕೊಮ್ಮೆ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆಯಿರಿ. ಪರದೆಗೆ ದೂರವಿರಲಿ. ಎಲ್ಲರೂ ಹೊರಗೆ ಹೋಗುವಾಗ ಉರಿಯುವ ದೀಪ ಬಿಟ್ಟು ಹೋಗಬೇಡಿ. ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಊದುಬತ್ತಿ, ಸಾಂಬ್ರಾಣಿಯ ಹೊಗೆ ಉಬ್ಬಸದವರಿಗೆ ಆಗುವುದಿಲ್ಲ. ಅಂಥವರಿದ್ದರೆ ಒಂದು ಬೊಗಸೆ ಮಲ್ಲಿಗೆಯೇ ಪರಿಮಳಕ್ಕೆ ಸಾಕು.

ಕೂತ ಮೇಲೆ ಏನು ಮಾಡಬೇಕು ಅಂತ ಬಹಳ ಜನ ಕೇಳುತ್ತಾರೆ. ನಾನು ಹೇಳುವ ಕ್ರಮ ಇದು. ಫೋನು ಇನ್ನೊಂದು ಕೋಣೆಯಲ್ಲಿ. ಬೆನ್ನು ನೆಟ್ಟಗೆ. ಮೊದಲ ಎರಡು ನಿಮಿಷ ಸುಮ್ಮನೆ ಉಸಿರಾಡಿ, ಹೊರಬಿಡುವ ಉಸಿರು ಒಳಗೆಳೆಯುವುದಕ್ಕಿಂತ ನಿಧಾನವಿರಲಿ. ಟ್ರಾಫಿಕ್ಕಿನ ಬಿರುಸು ಇಳಿಯುವುದು ಅಲ್ಲೇ. ಆಮೇಲೆ ನಿಮಗೆ ಬಾಯಿಗೆ ಬರುವ ಒಂದು ಸ್ತೋತ್ರವನ್ನೋ ವಚನವನ್ನೋ ದೇವರನಾಮವನ್ನೋ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿ. ಸ್ವರ ಕೂಡದಿದ್ದರೂ ಸರಿ. ಬಾಯಿಗೆ ಬರುವುದೇ ಇಲ್ಲ ಅಂದರೆ ವಾರಕ್ಕೆ ಒಂದು ಸಾಲು ಕಲಿಯಿರಿ. ಅವಸರವೇನಿಲ್ಲ, ಆರು ತಿಂಗಳಿಗೆ ಒಂದು ಇಡೀ ಸ್ತೋತ್ರ ನಿಮ್ಮದಾಗುತ್ತದೆ. ಇಷ್ಟಲಿಂಗ ಪೂಜೆಯವರಿಗೆ, ನಮಾಜಿನವರಿಗೆ, ಜಪಸರ ಹಿಡಿಯುವವರಿಗೆ ಅವರವರ ಕ್ರಮ ಇದ್ದೇ ಇದೆ, ಬದಲಿಸಬೇಕಿಲ್ಲ.

ಕೊನೆಯ ಎರಡು ನಿಮಿಷ ನನಗೆ ಬಹಳ ಮುಖ್ಯ. ಮನೆಯವರಲ್ಲದ ಒಬ್ಬರ ಹೆಸರು ಹಿಡಿದು ಪ್ರಾರ್ಥಿಸಿ. ಆಸ್ಪತ್ರೆಯಲ್ಲಿರುವ ಪಕ್ಕದ ಮನೆಯ ಅಂಕಲ್, ಕೆಲಸ ಹೋದ ಗೆಳತಿ, ಹುಷಾರಿಲ್ಲದೆ ಎರಡು ದಿನದಿಂದ ಬಾರದ ಮನೆಕೆಲಸದ ಅಕ್ಕ. ಮಕ್ಕಳಿಗೂ ಒಂದು ಹೆಸರು ಹೇಳಲು ಬಿಡಿ. ಹೀಗೆ ಹೆಸರು ಹೇಳಿದ ಮೇಲೆ ಮರುದಿನ ಒಂದು ಫೋನು ಮಾಡದೆ ಇರಲು ಮನಸ್ಸು ಒಪ್ಪುವುದಿಲ್ಲ.

ಅಡುಗೆ ಮುಗಿದಾಗ ಒಂದು ಚಮಚ ಅನ್ನ, ಸಾರು ದೇವರ ಮುಂದಿಟ್ಟು ಕೈಮುಗಿಯುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ಮತ್ತೆ ಶುರು ಮಾಡಿ. ದೇವರಿಗೆ ಇಡುವುದು ಅಂತ ಗೊತ್ತಿದ್ದಾಗ ಕೈ ಕೊಳೆತ ಟೊಮೆಟೊವನ್ನು ತಾನಾಗಿ ಬದಿಗಿಡುತ್ತದೆ, ಬಾಯಿ ಸಿಡುಕುವುದಿಲ್ಲ.

ಸಂಜೆ ಪಾಳಿಯ ಕೆಲಸದವರು ಮೆಟ್ರೊದಲ್ಲಿ ಮಾನಸ ಪೂಜೆ ಮಾಡಿಕೊಳ್ಳಬಹುದು. ಕಣ್ಣುಮುಚ್ಚಿ, ಮನಸ್ಸಿನಲ್ಲೇ ನೀರು, ಹೂವು, ದೀಪ, ನೈವೇದ್ಯ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಎರಡು ವಾರ ಮೀರಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರೂ ಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮೂರಲ್ಲೇ ಇದೆ. 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಹೀಗೆ ಕೇಳುವುದರಲ್ಲಿ ನಂಬಿಕೆಗೆ ಯಾವ ಕುಂದೂ ಇಲ್ಲ.

ಊಟಕ್ಕೆ ಕೂರುವಾಗ

ಟಿವಿ ಆರಿಸಿ. ನೆಲದ ಮೇಲೆ ಚಾಪೆ ಹಾಸಿ ಕೂತರೂ ಸರಿ, ಟೇಬಲ್ಲಾದರೂ ಸರಿ, ಎಲ್ಲರೂ ಒಟ್ಟಿಗೆ ಕೂರಿ. ಅಡುಗೆ ಮಾಡಿದವರು ಕೊನೆಗೆ ಉಣ್ಣುವ ಪದ್ಧತಿ ನಿಲ್ಲಲಿ. ಪಾತ್ರೆಗಳನ್ನು ನಡುವೆ ಇಟ್ಟುಕೊಂಡರೆ ಎಲ್ಲರೂ ಬಡಿಸಿಕೊಳ್ಳಬಹುದು. ಮಾರ್ಕ್ಸು, ಸಾಲ, ಅತ್ತೆ ಸೊಸೆಯ ಅಸಮಾಧಾನ, ಇವು ತಟ್ಟೆಯ ಮುಂದೆ ಬೇಡ. ಮಾತಿಗೆ ಏನೂ ಸಿಗದಿದ್ದರೆ ಇವತ್ತು ದಾರಿಯಲ್ಲಿ ಕಂಡದ್ದನ್ನು ಒಬ್ಬೊಬ್ಬರು ಒಂದೊಂದು ಹೇಳಿ.

ನಲಿವಿಗೆ ಹಬ್ಬದ ದಾರಿ

ಖುಷಿ ಬಿಡುವಾದಾಗ ಬರುತ್ತದೆ ಅಂತ ಕಾದರೆ ಈ ಊರಲ್ಲಿ ಬಿಡುವಾಗುವುದಿಲ್ಲ. ಅದಕ್ಕೂ ದಿನ ಗೊತ್ತಿರಬೇಕು. ಅಡುಗೆ, ಪ್ರಾರ್ಥನೆ, ನಲಿವು ಮೂರನ್ನೂ ಒಂದೇ ದಿನಕ್ಕೆ ಕಟ್ಟಿಕೊಟ್ಟ ಕ್ಯಾಲೆಂಡರ್ ನಮ್ಮ ಹಿರಿಯರು ಮಾಡಿಟ್ಟಿದ್ದಾರೆ, ಅದನ್ನು ಬಳಸಿಕೊಳ್ಳಿ.

ಡಿಸೆಂಬರ್ ಜನವರಿಗೆ ಸೊಗಡಿನ ಅವರೆಕಾಯಿ. ಎರಡು ಕಿಲೋ ತಂದು ರಾತ್ರಿ ಎಲ್ಲರೂ ಸುತ್ತ ಕೂತು ಬಿಡಿಸಿ. ಕಾಳು ನೆನೆಹಾಕಿ ಬೆಳಿಗ್ಗೆ ಹಿತಕಿದರೆ ಹಿತಕಿದ ಬೇಳೆ ಸಾರು. ಒಬ್ಬರೇ ಮಾಡಿದರೆ ಬೇಸರ ತರುವ ಈ ಕೆಲಸ ಆರು ಕೈ ಸೇರಿದರೆ ಹರಟೆಯಾಗುತ್ತದೆ. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಮನೆಯಲ್ಲೇ ಹೆಚ್ಚಿ ಬೆರೆಸಿ, ಮಕ್ಕಳ ಕೈಯಲ್ಲಿ ಮಹಡಿ ಮಹಡಿಗೆ ಕಳಿಸಿ. ಎದುರು ಮನೆಯವರ ಹೆಸರು ಗೊತ್ತಿಲ್ಲದ ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ತಟ್ಟಲು ಇದಕ್ಕಿಂತ ಒಳ್ಳೆಯ ನೆಪ ಇಲ್ಲ. ಅವತ್ತೇ ಸಂಜೆ ಗವಿಪುರದ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಜನ ಬಹಳ, ಬೇಗ ಹೋಗಿ.

ಯುಗಾದಿಯ ಬೇವು ಬೆಲ್ಲ ಕಳೆದು ರಾಮನವಮಿ ಬಂದರೆ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಬಿಸಿಲಿಗೆ ಹೇಳಿ ಮಾಡಿಸಿದ ಆಹಾರ. ಹೆಸರುಬೇಳೆ ಒಂದು ಗಂಟೆ ನೆನೆದರೆ ಸಾಕು. ಸೌತೆಕಾಯಿ, ಕಾಯಿತುರಿ, ಕೊತ್ತಂಬರಿ, ನಿಂಬೆ; ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮೋತ್ಸವದ ಕಛೇರಿಗಳು ನಡೆಯುವ ಕಾಲ ಅದು. ಒಂದು ಸಂಜೆಯ ದಿನಚರಿಯನ್ನು ಅಲ್ಲಿಗೇ ಒಯ್ಯಿರಿ. ಚೈತ್ರ ಹುಣ್ಣಿಮೆಯ ರಾತ್ರಿ ನಗರ್ತಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗಿ ಬರುತ್ತದೆ. ಮಕ್ಕಳಿಗೆ ಇದನ್ನು ಒಮ್ಮೆಯಾದರೂ ಕಣ್ಣಾರೆ ತೋರಿಸಿ. ಸೆಪ್ಟೆಂಬರ್ 8ರಂದು ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಹಬ್ಬಕ್ಕೆ ನೆರೆಯವರು ಕರೆದರೆ ಹೋಗಿ ಬನ್ನಿ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಒಂದು ಸೇರು ಹಸಿ ಕಡಲೆಕಾಯಿ ತಂದು, ಉಪ್ಪುನೀರಲ್ಲಿ ಬೇಯಿಸಿ, ರಾತ್ರಿ ಊಟಕ್ಕೆ ಅದನ್ನೇ ಅರ್ಧ ಮಾಡಿಕೊಳ್ಳಿ.

ಹಬ್ಬವಿಲ್ಲದ ವಾರಗಳಿಗೆ ಲಾಲ್‌ಬಾಗ್ ಇದೆ. 240 ಎಕರೆಯ ತೋಟದ ನಡುವೆ ಸುಮಾರು 300 ಕೋಟಿ ವರ್ಷದ ಬಂಡೆ. ಭಾನುವಾರ ಬೆಳಿಗ್ಗೆ ಅದರ ಮೇಲೆ ಕೆಂಪೇಗೌಡರ ಗೋಪುರದವರೆಗೆ ಹತ್ತಿ ಇಳಿದರೆ ಮೈಗೆ ವ್ಯಾಯಾಮ, ಮನೆಯವರಿಗೆ ಮಾತು. ಮನೆಯೊಳಗೆ ಮಳೆಯ ಸಂಜೆಗಳಿಗೆ ಚೌಕಾಬಾರ, ಅಳಗುಳಿಮಣೆ. ಹಾಡು ಬರುವವರು ಮನೆಯಲ್ಲಿ ಇದ್ದೇ ಇರುತ್ತಾರೆ, ಕೇಳಬೇಕು ಅಷ್ಟೆ.

ಆಗದ ದಿನಗಳಿಗೆ, ಒಬ್ಬರೇ ಇರುವವರಿಗೆ

ಜ್ವರ, ಆಫೀಸಿನ ಗಡುವು, ಮಳೆಗೆ ನಿಂತುಹೋದ ಬಸ್ಸು. ಇಂಥ ದಿನಗಳಿಗೆ ಅತಿ ಸಣ್ಣ ದಿನಚರಿ ಮೊದಲೇ ಗೊತ್ತಿರಲಿ: ಒಂದು ದೀಪ, ಒಂದು ನಮಸ್ಕಾರ, ಒಂದು ತಟ್ಟೆ ಮೊಸರನ್ನ. ಎರಡು ದಿನ ಬಿಟ್ಟುಹೋದರೆ ಮೂರನೇ ದಿನ ಆ ಸಣ್ಣ ದಿನಚರಿಯಿಂದಲೇ ಮತ್ತೆ ಹಿಡಿಯಿರಿ.

ಅಡುಗೆಗೆ ಅವಕಾಶವಿಲ್ಲದ ಪಿ.ಜಿ.ಯಲ್ಲಿ ಇರುವವರು ಊರಿಂದ ಬರುವಾಗ ರಾಗಿ ಹುರಿಹಿಟ್ಟು ತನ್ನಿ. ಅರಳಿಸಿ ಬೀಸಿದ ಹಿಟ್ಟು ಅದು, ಬೇಯಿಸಬೇಕಿಲ್ಲ. ಹಾಲು ಬೆಲ್ಲ ಬೆರೆಸಿದರೆ ತಿಂಡಿ, ಮಜ್ಜಿಗೆ ಉಪ್ಪು ಬೆರೆಸಿದರೆ ಊಟ. ಹೆಸರುಕಾಳು ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಮರುದಿನಕ್ಕೆ ಮೊಳಕೆ. ಮೊಸರವಲಕ್ಕಿ, ಕೋಸಂಬರಿಗೂ ಒಲೆ ಬೇಡ.

ಒಲೆ ಇರುವ ಮನೆಯವರು ತಿಂಗಳಿಗೊಂದು ಭಾನುವಾರ ಇಂಥ ಹುಡುಗ ಹುಡುಗಿಯರನ್ನು ಊಟಕ್ಕೆ ಕರೆಯಿರಿ. ಆಫೀಸಿನಲ್ಲಿ, ಬೀದಿಯಲ್ಲಿ, ಗುಡಿಯಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಎಂಟು ಜನಕ್ಕೆ ಬಿಸಿಬೇಳೆ ಭಾತು ಮಾಡುವುದಾದರೆ ಎರಡು ಲೋಟ ಅಕ್ಕಿ, ಒಂದೂವರೆ ಲೋಟ ತೊಗರಿಬೇಳೆ, ಒಂದು ಕಿಲೋ ತರಕಾರಿ, ಸುಮಾರು ಹನ್ನೆರಡು ಲೋಟ ನೀರು. ಜೊತೆಗೆ ಮೊಸರನ್ನಕ್ಕೆ ಇನ್ನೊಂದು ಲೋಟ ಅಕ್ಕಿ ಬೇರೆ ಇಡಿ. ಭಾತು ಆರಿದರೆ ಗಟ್ಟಿಯಾಗುತ್ತದೆ, ಬಿಸಿನೀರು ಕೈಯಳತೆಯಲ್ಲಿರಲಿ. ಕೂರಲು ಜಾಗ ಸಾಲದಿದ್ದರೆ ಎರಡು ಪಂಕ್ತಿ ಮಾಡಿ, ಮೊದಲು ಉಂಡವರು ಎರಡನೆಯ ಪಂಕ್ತಿಗೆ ಬಡಿಸಲಿ.